ಮೂರು ತಾಟು, ಮೂರು ಬಾಗಿಲು

ಬೆಳಿಗ್ಗೆ 8 ಗಂಟೆಗೆ ನಮ್ಮ ಮನೆಯ ಮೂರು ಬಾಗಿಲು ಮುಚ್ಚುತ್ತವೆ. ಅಡುಗೆಮನೆಯದು, ಅಪ್ಪನ ಕೋಣೆಯದು, ಹಿತ್ತಿಲದು. ಒಂದೊಂದರ ಹಿಂದೆ ಒಂದೊಂದು ನಾಯಿ, ನಾಯಿಯ ಮುಂದೆ ಅದರದೇ ತಾಟು. ತಿಂದರೂ ಸರಿ, ಬಿಟ್ಟರೂ ಸರಿ, 15 ನಿಮಿಷಕ್ಕೆ ತಾಟು ಎತ್ತಿ, ತೊಳೆದು ಬೋರಲು ಹಾಕಿದ ಮೇಲೆಯೇ ಬಾಗಿಲು ತೆಗೆಯುವುದು. ಧಾರವಾಡದ ಮಳೆಗೆ ಹಿತ್ತಿಲ ಬಾಗಿಲು ಉಬ್ಬಿಕೊಳ್ಳುತ್ತದೆ. ಜುಲೈನಲ್ಲಿ ಅದನ್ನು ಒದ್ದೇ ತೆಗೆಯಬೇಕು. ಆ ಸದ್ದೇ ನಮ್ಮಲ್ಲಿ ಊಟ ಮುಗಿದ ಗಂಟೆ.

ಬಂದವರು ನಗುತ್ತಾರೆ. "ಜೈಲ್ ಮಾಡಿಟ್ಟೀರಲ್ರೀ" ಅಂತ ಪಕ್ಕದ ಮನೆಯವರೊಮ್ಮೆ ಅಂದರು. ಅವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಒಂದಕ್ಕೆ ಮೆತ್ತಗೆ ಕಲಸಿದ ಅನ್ನ, ಇನ್ನೊಂದಕ್ಕೆ ಅಳತೆ ಮಾಡಿದ ಎರಡೇ ಹಿಡಿ, ಮತ್ತೊಂದಕ್ಕೆ ಬೇಕಾದಷ್ಟು. ಒಂದನ್ನು ಅರ್ಧ ತಾಸು ಓಡಿಸುವುದು, ಒಂದನ್ನು ಬರೀ ನಾಲ್ಕು ಹೆಜ್ಜೆ ಮೆಲ್ಲಗೆ ನಡೆಸುವುದು. ಅವಳ ಲೆಕ್ಕದಲ್ಲಿ ಇದು ಪಕ್ಕಾ ಅನ್ಯಾಯ. "ಒಂದ್ ಕಣ್ಣಿಗೆ ಬೆಣ್ಣಿ, ಒಂದ್ ಕಣ್ಣಿಗೆ ಸುಣ್ಣ ಮಾಡಬ್ಯಾಡ ನೀ" ಅಂತ ಶುರು ಮಾಡಿದರೆ ಅಪ್ಪ ಪೇಪರಿನ ಹಿಂದಿನಿಂದ ಕೇಳುತ್ತಿದ್ದರು: "ಮತ್ತ ಮೂರನೇ ಕಣ್ಣಿಗೆ?"

ಮೂರೂ ಯಾರು ಅಂತ ಹೇಳಿಬಿಡುತ್ತೇನೆ.

ಚಿನ್ನಿಗೆ ಈಗ 12 ವರ್ಷ. ಕೆಲಗೇರಿ ಕೆರೆಯ ದಾರಿಯಲ್ಲಿ ಸಿಕ್ಕ ಬೀದಿಮರಿ. ಒಂಬತ್ತು ವರ್ಷ ಈ ಮನೆಗೆ ಒಬ್ಬಳೇ ಒಡತಿಯಾಗಿದ್ದಳು. ಈಗ ಕಿವಿ ಪೂರ್ತಿ ಹೋಗಿದೆ. ಹಿಂಗಾಲಿನ ಕೀಲು ಹಿಡಿದುಕೊಳ್ಳುತ್ತದೆ.

ಬಾಣ ಮೂರು ವರ್ಷದ ಮುಧೋಳ ನಾಯಿ. ಮುಧೋಳದ ಹತ್ತಿರದ ಹಳ್ಳಿಯೊಂದರ ರೈತರ ಮನೆಯಿಂದ ತಂದದ್ದು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಈ ಜಾತಿಯ ನಾಯಿಗಳ ಜೋಡಿಯನ್ನು ಉಡುಗೊರೆ ಕೊಟ್ಟ ಕಥೆಯನ್ನು ಆ ರೈತರು ತಮ್ಮ ಅಜ್ಜನ ಕಥೆಯ ಹಾಗೆ ಹೇಳಿದರು. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರದ ಸ್ಟ್ಯಾಂಪ್ ತಂದಿತ್ತು. ಅಪ್ಪ ಅದನ್ನು ಎಲ್ಲಿಂದಲೋ ಹುಡುಕಿ ತಂದು ಕಪಾಟಿನ ಗಾಜಿಗೆ ಅಂಟಿಸಿದ್ದಾರೆ. ಬಾಣ ಅದನ್ನು ಒಮ್ಮೆಯೂ ನೋಡಿದ ಹಾಗಿಲ್ಲ.

ಗುಂಡ ಲ್ಯಾಬ್ರಡಾರ್. ಸುಮಾರು ಆರು ವರ್ಷ. ಹುಬ್ಬಳ್ಳಿಯ ಒಂದು ಮನೆಯವರು ವರ್ಗ ಆಯಿತು ಅಂತ ಬಿಟ್ಟುಹೋದರು. ನಾಯಿ ಬಂಗಾರ, ಯಾವ ತಂಟೆಯೂ ಇಲ್ಲ ಅಂದರು. ತಂಟೆ ಏನು ಅಂತ ನಮಗೆ ಒಂದು ತಿಂಗಳ ಮೇಲೆ ಗೊತ್ತಾಯಿತು.

ಎರಡು ವರ್ಷದ ಹಿಂದೆ, ಗುಂಡ ಬಂದ ಹೊಸತರಲ್ಲಿ, ನನಗೆ ದೊಡ್ಡ ಆತ್ಮವಿಶ್ವಾಸ. ಒಂದು ನಾಯಿ ಸಾಕಿದವಳಿಗೆ ಮೂರು ಅಂದರೆ ಮೂರು ಪಟ್ಟು ಕೆಲಸ, ಅಷ್ಟೇ ತಾನೇ ಅಂದುಕೊಂಡಿದ್ದೆ. ಹಿತ್ತಿಲಲ್ಲಿ ಮೂವರನ್ನೂ ಸಾಲಾಗಿ ನಿಲ್ಲಿಸಿ ಪಾಠ ಶುರು ಮಾಡಿದೆ. "ಕೂಡು" ಅಂದೆ. ಗುಂಡ ಕೂತ. ಬಾಣ ಬೇಲಿಯ ಮೇಲಿನ ಅಳಿಲನ್ನು ನೋಡುತ್ತಿದ್ದ. ಚಿನ್ನಿಗೆ ಕೇಳಿಸಲೇ ಇಲ್ಲ. ಗುಂಡನಿಗೆ ಬಿಸ್ಕತ್ತು ಕೊಟ್ಟೆ. ಅದನ್ನು ನೋಡಿ ಬಾಣ ನಿಂತುಕೊಂಡೇ ಬಾಯಿ ಹಾಕಿದ. ಗುಂಡ ಗುರ್ ಅಂದ. ಮೊದಲ ದಿನದ ಪಾಠ ಅಲ್ಲಿಗೆ ಮುಗಿಯಿತು.

ಭಾಷೆಯದೇ ಒಂದು ತೊಂದರೆ. ನಮ್ಮ ನಾಯಿಗಳಿಗೆ ಕನ್ನಡದಲ್ಲೇ ಕಲಿಸುವುದು ಅಂತ ನನ್ನ ಹಟ. ಕೂಡು, ಬಾ, ತಡಿ, ಬಿಡು. ಕೇಳಲು ಚೆಂದ. ಆದರೆ ಬಾಯಲ್ಲಿರುವುದನ್ನು "ಬಿಡು" ಅಂತ ಕಲಿಸಿದ ಮೇಲೆ ತಿಳಿಯಿತು, ನಾವು ದಿನಕ್ಕೆ ಎಷ್ಟು ಸಲ ಆ ಮಾತು ಆಡುತ್ತೇವೆ ಅಂತ. ಅವ್ವ ಫೋನಿನಲ್ಲಿ ಅಕ್ಕನ ಜೊತೆ "ಹೋಗ್ಲಿ ಬಿಡ, ಆಗಿದ್ದ ಆತು ಬಿಡ" ಅನ್ನುತ್ತಿದ್ದರೆ ಗುಂಡ ತನ್ನ ಚೆಂಡನ್ನು ಬಾಯಿಂದ ಹಾಕುವುದು, ಮತ್ತೆ ಎತ್ತಿಕೊಳ್ಳುವುದು, ಮತ್ತೆ ಹಾಕುವುದು. ಕೊನೆಗೆ ಅವನಿಗೂ ಬೇಜಾರಾಗಿ ಆ ಮಾತನ್ನೇ ಕೇಳಿಸಿಕೊಳ್ಳುವುದು ಬಿಟ್ಟ. ಮನೆಯಲ್ಲಿ ಯಾರೂ ಸುಮ್ನೆ ಬಳಸದ ಒಂದು ಮಾತು ಬೇಕಾಯಿತು. ಅಪ್ಪ ಬ್ಯಾಂಕಿನಿಂದ ನಿವೃತ್ತರು. "ಜಮಾ" ಅಂದರು. ಈಗ ನಮ್ಮ ಮೂರೂ ನಾಯಿಗಳು "ಜಮಾ" ಅಂದರೆ ಬಾಯಲ್ಲಿರುವುದನ್ನು ತಂದು ಅಂಗೈಗೆ ಹಾಕುತ್ತವೆ. ಚಿನ್ನಿಗೆ ಮಾತಿಲ್ಲ, ಬರೀ ಅಂಗೈ. ಬದಲಿಗೆ ಏನಾದರೂ ಸಿಗುತ್ತದೆ ಅನ್ನುವುದು ಕಂಡೀಷನ್. ಅಪ್ಪನ ಪ್ರಕಾರ ಅದು ಬಡ್ಡಿ.

ಇದೆಲ್ಲ ನಗೆಯ ಕಾಲ. ನಗೆ ಹೋದದ್ದು ಸಿಲಿಂಡರ್ ಹುಡುಗ ಬಂದ ದಿನ.

ಬೆಲ್ ಆಯಿತು. ಬಾಣ, ಗುಂಡ ಇಬ್ಬರೂ ಬಾಗಿಲಿಗೆ ನುಗ್ಗಿದರು. ನಮ್ಮದು ಹಳೇ ಮನೆ, ತಲೆಬಾಗಿಲು ಕಿರಿದು. ಇಬ್ಬರ ಭುಜ ತಾಗಿತು. ಅಷ್ಟೇ. ಮುಂದಿನ ಗಳಿಗೆಯಲ್ಲಿ ಹೊಸ್ತಿಲ ಮೇಲೆ ಎರಡು ನಾಯಿಯ ಒಂದು ಉಂಡೆ. ಚಿನ್ನಿ ಒಳಗೆ ನಿದ್ದೆಯಲ್ಲಿದ್ದಳು. ಯಾರೂ ಮಾಡಬಾರದ ಕೆಲಸವನ್ನು ನಾನು ಮಾಡಿದೆ, ಮಧ್ಯೆ ಕೈ ಹಾಕಿದೆ. ಕಚ್ಚಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸಿಲಿಂಡರ್ ಹುಡುಗನೇ ಬುದ್ಧಿವಂತ. ಜಗುಲಿಯ ಮೇಲಿದ್ದ ಬಕೆಟ್ ನೀರು ಎತ್ತಿ ಸುರಿದ. ಇಬ್ಬರೂ ಬಿಟ್ಟರು. ನಾನು ನಲ್ಲಿಯ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ಕೈ ತೊಳೆದುಕೊಂಡು ದವಾಖಾನೆಗೆ ಹೋದೆ. ಮನೆಯ ನಾಯಿ, ವರ್ಷ ವರ್ಷ ಲಸಿಕೆ ಆಗಿದೆ ಅಂತ ಹೇಳಿದರೂ ಡಾಕ್ಟರು ಇಂಜೆಕ್ಷನ್ ಶುರು ಮಾಡಿಯೇಬಿಟ್ಟರು. ರೇಬಿಸ್ ಬಂದ ಮೇಲೆ ಔಷಧಿ ಇಲ್ಲ, ನೀವು ವಾದ ಮಾಡಬೇಡಿ ಅಂದರು. ಮಾಡಲಿಲ್ಲ.

ಹೆದರಿಕೆಯಾಗಿ ಒಬ್ಬ ಟ್ರೈನರ್ ಕರೆಸಿದೆವು. ಅವರು ಬಂದವರೇ ಬಾಣನ ಕೊರಳಿಗೆ ಚೋಕ್ ಚೈನ್, ಅಂದರೆ ಎಳೆದರೆ ಬಿಗಿಯುವ ಸರಪಳಿ ಹಾಕಿದರು. ಇವನು ಮನೆಯ ಲೀಡರ್ ಆಗಲು ನೋಡುತ್ತಿದ್ದಾನೆ, ತೋಳದ ಗುಂಪಿನಲ್ಲಿ ಆಲ್ಫಾ ಇರುತ್ತದೆ, ನೀವೇ ಆಲ್ಫಾ ಆಗಬೇಕು, ಗುರ್ ಅಂದರೆ ನೆಲಕ್ಕೆ ಒತ್ತಿ ಹಿಡಿಯಿರಿ ಅಂದರು. ಮೂರು ವಾರ ಹಾಗೇ ಮಾಡಿದೆವು. ಬಾಣ ಗುರ್ ಅನ್ನುವುದನ್ನು ಬಿಟ್ಟ. ನಮಗೆ ಖುಷಿ. ನಾಲ್ಕನೇ ವಾರ, ಒಂಚೂರೂ ಸದ್ದು ಮಾಡದೆ, ಗುಂಡನ ಕಿವಿ ಹರಿದ. ಗುರ್ ಅನ್ನುವುದು ಬೈಗುಳ ಅಲ್ಲ, "ದೂರ ಸರಿ" ಅನ್ನುವ ಸೂಚನೆ. ನಾವು ಸೂಚನೆಯನ್ನು ಮಾತ್ರ ಕಿತ್ತುಹಾಕಿದ್ದೆವು. ಸಿಟ್ಟು ಹಾಗೇ ಇತ್ತು.

ಆಮೇಲೆ ನಾನು ಓದಲು ಕೂತೆ. ಈ ಆಲ್ಫಾ ಕಥೆ ಎಲ್ಲಿಂದ ಬಂತು ಅಂತ. ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಝೂನಲ್ಲಿ ತೋಳಗಳನ್ನು ಗಮನಿಸಿ 1947ರಲ್ಲಿ ಬರೆದರು. ಬೇರೆ ಬೇರೆ ಕಡೆಯ ತೋಳಗಳು, ಒಂದೇ ಆವರಣ, ಓಡಿಹೋಗಲು ಜಾಗವಿಲ್ಲ. ಮೇಲು ಕೀಳಿಗೆ ಕಾದಾಡಿದವು. ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್ 1970ರ ಪುಸ್ತಕದಲ್ಲಿ ಆ ಮಾತನ್ನು ಜಗತ್ತಿಗೆಲ್ಲ ಹಂಚಿದರು. ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅವರೇ ಅದನ್ನು ತಿದ್ದಿಕೊಂಡರು. ಕಾಡಿನಲ್ಲಿ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಗೆದ್ದು ಲೀಡರ್ ಆಗುವವರಿಲ್ಲ, ಹೆತ್ತು ಲೀಡರ್ ಆಗುವವರು ಅಷ್ಟೇ.

ಇದನ್ನು ಓದಿದವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಆಲ್ಫಾ ಸುಳ್ಳು, ಪ್ರೀತಿ ಮಾಡಿ ಸಾಕು ಅನ್ನುತ್ತಾರೆ. ನನಗೆ ಬೇರೆ ಅನಿಸಿತು. ನಮ್ಮ ಮೂವರೂ ಒಂದೇ ಹೊಟ್ಟೆಯ ಮಕ್ಕಳಲ್ಲ. ಒಬ್ಬಳು ಕೆಲಗೇರಿಯವಳು, ಒಬ್ಬ ಮುಧೋಳದವನು, ಒಬ್ಬ ಹುಬ್ಬಳ್ಳಿಯ ಫ್ಲಾಟಿನವನು. ಒಬ್ಬರನ್ನೊಬ್ಬರು ಅವರು ಆರಿಸಿಕೊಂಡಿದ್ದಲ್ಲ. ತಂದು ಒಂದೇ ಕಾಂಪೌಂಡಿನೊಳಗೆ ಹಾಕಿ ಗೇಟಿಗೆ ಚಿಲಕ ಹಾಕಿದವಳು ನಾನು. ಅಂದರೆ ನನ್ನ ಮನೆ ಕಾಡಿಗಿಂತ ಬಾಸೆಲ್ ಝೂಗೇ ಹತ್ತಿರ ಅಲ್ವಾ? ಹಾಗಿದ್ದರೆ ಸರಿಪಡಿಸಬೇಕಾದದ್ದು ಬಾಣನನ್ನಲ್ಲ, ಝೂವನ್ನು.

ಮೂರು ಬಾಗಿಲು ಬಂದದ್ದು ಹಾಗೆ. ಜಗಳಕ್ಕೆ ಕಾರಣವಾದ ಜಾಗಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ತಾಟು, ತಲೆಬಾಗಿಲು, ಅಪ್ಪನ ಕುರ್ಚಿಯ ಬುಡ. ಮೂರರಲ್ಲೂ ಒಂದೇ ಸಮಸ್ಯೆ, ಇಕ್ಕಟ್ಟು. ಕುರ್ಚಿಯನ್ನು ಗೋಡೆಯಿಂದ ನಾಲ್ಕು ಅಡಿ ಎಳೆದಾಗ ಅರ್ಧ ಜಗಳ ನಿಂತಿತು. ಇಂಥ ಟ್ರೈನಿಂಗಿಗೆ ಯಾರೂ ಫೀಸು ಕೇಳುವುದಿಲ್ಲ.

ತಲೆಬಾಗಿಲಿನ ಜಗಳಕ್ಕೆ ಕೌದಿ ಬೇಕಾಯಿತು. ಬೆಲ್ ಆದರೆ ಬಾಗಿಲಿಗೆ ನುಗ್ಗದೆ ಮೂವರೂ ಅವರವರ ಕೌದಿಗೆ ಹೋಗಬೇಕು. ಅವ್ವ ಹೊಲಿದ ಹಳೇ ಕೌದಿಯೊಂದನ್ನು ಮೂರು ತುಂಡು ಮಾಡಿದೆ. ಅವ್ವ ಎರಡು ದಿನ ಮಾತು ಬಿಟ್ಟಳು. ಪಡಸಾಲೆಯ ಮೂರು ಮೂಲೆಗೆ ಮೂರು ತುಂಡು. ಬಾಣನದು ಕೆಂಪು ಇಳಕಲ್ ಸೀರೆಯ ತೇಪೆ ಇರುವುದು. ಮೊದಲ ದಿನ ಅವನೊಬ್ಬನನ್ನೇ ಕರೆದು ನಿಂತೆ, ಏನೂ ಹೇಳಲಿಲ್ಲ. ಅಡ್ಡಾಡುತ್ತ ಅವನ ಒಂದು ಕಾಲು ಕೌದಿಗೆ ತಾಗಿತು. ತಾಗಿದ ಕೂಡಲೇ ಕೋಳಿಯ ಚೂರೊಂದು ಅಲ್ಲೇ ಬಿತ್ತು. ಅವನು ನನ್ನ ಮುಖ ನೋಡಿದ. ಇನ್ನೊಂದು ಕಾಲು. ಇನ್ನೊಂದು ಚೂರು. ನಾಲ್ಕೂ ಕಾಲು ಇಡಲು ಎರಡು ದಿನ, ಮಲಗಲು ಒಂದು ವಾರ. ಮಲಗಿದ ಮೇಲೆ "ಜಾಗಕ್ಕ" ಅನ್ನುವ ಮಾತು ಸೇರಿಸಿದೆ. ಆಮೇಲೆ ನಾನು ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಹಿಂದೆ, ಅಡುಗೆಮನೆಗೆ. ಬೆಲ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮೆಲ್ಲಗೆ ಹಾಕಿದೆ, ದಿನ ದಿನ ಸ್ವಲ್ಪ ಜೋರು. ಮೂವರಿಗೂ ಬೇರೆ ಬೇರೆಯಾಗಿಯೇ ಕಲಿಸಿದೆ. ಆಮೇಲೆ ಇಬ್ಬಿಬ್ಬರು, ಕೊನೆಗೆ ಮೂವರು. ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಸಿಲಿಂಡರ್ ಹುಡುಗ ಬರುವ ಮುಂಚೆ ಫೋನ್ ಮಾಡುತ್ತಿದ್ದ, ಪಾಪ.

ಎಲ್ಲರಿಗೂ ಕೋಳಿಯ ಚೂರು ನಡೆಯಿತು ಅಂದುಕೊಳ್ಳಬೇಡಿ. ಗುಂಡನಿಗೆ ಸೌತೆಕಾಯಿ ಕೊಟ್ಟರೂ ಪ್ರಾಣ ಕೊಡುತ್ತಾನೆ. ಬಾಣನಿಗೆ ಮನೆಯೊಳಗೆ ತಿನಿಸು ಸಾಕು, ಬಯಲಿಗೆ ಹೋದರೆ ಮೃಷ್ಟಾನ್ನ ತೋರಿಸಿದರೂ ತಿರುಗಿ ನೋಡುವುದಿಲ್ಲ. ಮುಧೋಳ ನಾಯಿ ಮೂಗಿನ ಬೇಟೆಗಾರನಲ್ಲ, ಕಣ್ಣಿನ ಬೇಟೆಗಾರ. ದೂರದಲ್ಲಿ ಏನಾದರೂ ಅಲ್ಲಾಡಿತು ಅಂದರೆ ಕಿವಿ ಮುಚ್ಚಿಹೋದ ಹಾಗೆ. ಮೊಲದ ಹಿಂದೆ ಓಡಲೆಂದೇ ತಲೆಮಾರುಗಳಿಂದ ಆರಿಸಿ ಸಾಕಿದ ಮೈ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಮೊಲದ ಬೇಟೆ ಅಪರಾಧ. ಕಾಯ್ದೆ ಬಾಣನ ಕಾಲಿಗೆ ಯಾರು ಹೇಳಬೇಕು? ಒಮ್ಮೆ ಆಡಿನ ಮರಿಯ ಹಿಂದೆ ಬಿದ್ದು ನನ್ನ ಮಾನ ಕಳೆದ. ಈಗ ಬೆಳಗಿನ ಜಾವ ಖಾಲಿ ಮೈದಾನದಲ್ಲಿ 10 ಮೀಟರ್ ಹಗ್ಗ ಕಟ್ಟಿಯೇ ಬಿಡುವುದು. ಬಿದಿರಿನ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಸೀರೆಯ ಅಂಚು. "ಬಾ" ಅಂದಾಗ ಬಂದರೆ ಆ ಅಂಚು ನೆಲದ ಮೇಲೆ ಮೊಲದ ಹಾಗೆ ಓಡುತ್ತದೆ. ಅವನಿಗೆ ಅದೇ ಪಗಾರ. ಹತ್ತು ನಿಮಿಷ ಅದರ ಹಿಂದೆ ಓಡಿದರೆ ಇಡೀ ದಿನ ಸಾಧು.

ಚಿನ್ನಿಯ ವಾಕ್ ಬೇರೆಯೇ ಲೋಕ. ಅರ್ಧ ತಾಸಿನಲ್ಲಿ ಇನ್ನೂರು ಹೆಜ್ಜೆ. ಒಂದೊಂದು ಲೈಟಿನ ಕಂಬಕ್ಕೂ ನಿಂತು, ಪೂರ್ತಿ ಓದಿ, ಮುಂದಕ್ಕೆ. ಮೊದಮೊದಲು ನಾನು ಎಳೆಯುತ್ತಿದ್ದೆ. ಈಗ ನಾನೂ ನಿಲ್ಲುತ್ತೇನೆ. ಕಿವಿ ಹೋದ ಮೇಲೆ ಅವಳಿಗೆ ಕೈಸನ್ನೆ ಕಲಿಸಿದೆ, ಹತ್ತು ವರ್ಷ ದಾಟಿದ ನಾಯಿಗೆ. ಅಂಗೈ ಕೆಳಗೆ ಮಾಡಿದರೆ ಕೂಡು, ಎದೆಗೆ ಬಡಿದುಕೊಂಡರೆ ಬಾ. ರಾತ್ರಿ ಹಿತ್ತಿಲಿನಿಂದ ಕರೆಯಲು ಟಾರ್ಚನ್ನು ಎರಡು ಸಲ ಹಚ್ಚಿ ಆರಿಸುವುದು. ಮಲಗಿದ್ದಾಗ ಮುಟ್ಟಿ ಎಬ್ಬಿಸುವ ಹಾಗಿಲ್ಲ, ಬೆಚ್ಚಿಬಿದ್ದು ಕಚ್ಚಬಹುದು. ಮೂಗಿನ ಹತ್ತಿರ ಕೈ ಇಟ್ಟು ಕಾಯಬೇಕು. ಮೂಗು ಮೊದಲು ಏಳುತ್ತದೆ, ಆಮೇಲೆ ಕಣ್ಣು, ಆಮೇಲೆ ಬಾಲ. ಮನೆಯಲ್ಲಿ ನಾನು ದಿನಾ ನೋಡಿದರೂ ಸಾಕಾಗದ್ದು ಇದೊಂದೇ. ಅವಳಿಗೆಂದು ಕಲಿಸಿದ ಸನ್ನೆಯನ್ನು ಉಳಿದಿಬ್ಬರೂ ಪಕ್ಕದಲ್ಲಿ ಕೂತು ಕಲಿತುಬಿಟ್ಟರು. ನನ್ನ ಮಾತಿಗಿಂತ ನನ್ನ ಕೈ ಅವರಿಗೆ ಜಾಸ್ತಿ ತಿಳಿಯುತ್ತದೆ.

ಇನ್ನು ಗುಂಡ.

ಅವನು ಬಂದು ಒಂದು ತಿಂಗಳಾಗಿತ್ತು ಅಂದೆನಲ್ಲ. ರಾತ್ರಿ ಮೂರೂವರೆ. ಪಡಸಾಲೆಯಲ್ಲಿ ಯಾರೋ ನೆಲ ಬಡಿಯುವ ಸದ್ದು. ಲೈಟ್ ಹಾಕಿದರೆ ಗುಂಡ ಅಡ್ಡ ಬಿದ್ದು, ನಾಲ್ಕೂ ಕಾಲು ಓಡುವವನ ಹಾಗೆ ಆಡಿಸುತ್ತಿದ್ದಾನೆ. ಬಾಯಲ್ಲಿ ನೊರೆ. ಫಿಟ್ಸ್. ಅವ್ವ ಕೀಲಿಕೈ ಗೊಂಚಲು ತಂದು ಅವನ ಪಂಜಕ್ಕೆ ಒತ್ತಿ ಹಿಡಿದಳು. ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ ಅಂತ ನನಗೆ ಗೊತ್ತು. ಆದರೆ ಆ ಹೊತ್ತಿನಲ್ಲಿ ಅವಳಿಗೂ ಏನಾದರೂ ಹಿಡಿದುಕೊಳ್ಳಲು ಬೇಕಿತ್ತು. ಅಷ್ಟರಲ್ಲಿ ಬಾಣ ಬಂದ. ಮೈ ಕೂದಲು ನಿಗುರಿತ್ತು. ನೆಟ್ಟ ನೋಟ. ನಾನು ಅವನ ಸೊಂಟ ಹಿಡಿದು ಎಳೆದು ಕೋಣೆಗೆ ನೂಕದಿದ್ದರೆ ಏನಾಗುತ್ತಿತ್ತೋ. ಒಂದು ನಾಯಿಗೆ ಫಿಟ್ಸ್ ಬಂದಾಗ ಜೊತೆಯ ನಾಯಿ ಮೇಲೆ ಬೀಳುವುದುಂಟು ಅಂತ ಮರುದಿನ ಡಾಕ್ಟರು ಹೇಳಿದರು. ಅದು ಕ್ರೌರ್ಯವಲ್ಲ. ಎದುರಿಗಿರುವವನು ತನಗೆ ಗೊತ್ತಿದ್ದ ಗುಂಡನಲ್ಲ ಅಂತ ಅನಿಸುತ್ತದೆ, ಹೆದರಿಕೆ, ಅಷ್ಟೇ.

ಅವರು ಹೇಳಿದ್ದನ್ನು ಅಪ್ಪ ಕ್ಯಾಲೆಂಡರಿನ ಹಿಂದೆ ಬರೆದು ನೇತುಹಾಕಿದ್ದಾರೆ. ಬಾಯಿಗೆ ಕೈ ಹಾಕಬಾರದು. ತಲೆ ಬಡಿಯದ ಹಾಗೆ ಸುತ್ತ ಮೆತ್ತನೆಯದು ಇಡಬೇಕು. ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಕಾಯದೆ ಗಾಡಿ ತೆಗೆಯಬೇಕು. ಫಿನೋಬಾರ್ಬಿಟೋನ್ ಮಾತ್ರೆ 12 ತಾಸಿಗೊಂದು, ಬೆಳಿಗ್ಗೆ 8, ರಾತ್ರಿ 8. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರಬಹುದು.

ಆ ಮಾತ್ರೆಗೆ ಇನ್ನೊಂದು ಗುಣ ಇದೆ, ವಿಪರೀತ ಹಸಿವು. ಮೊದಲೇ ಲ್ಯಾಬ್ರಡಾರ್. ಮೇಲೆ ಈ ಮಾತ್ರೆ. ಅವನು ಚಿನ್ನಿಯ ತಾಟಿಗೆ ಬಾಯಿ ಹಾಕುತ್ತಿದ್ದದ್ದು, ಬಿಸ್ಕತ್ತಿಗಾಗಿ ಬಾಣನಿಗೆ ಗುರ್ ಅಂದದ್ದು, ರೊಟ್ಟಿ ಡಬ್ಬಿಯ ಮುಚ್ಚಳವನ್ನೇ ತಿಂದದ್ದು, ಯಾವುದೂ ಕೊಬ್ಬಲ್ಲ. ಹೊಟ್ಟೆಯೊಳಗೆ ಯಾರೋ ಕೂತು "ಕೊಡು, ಕೊಡು" ಅನ್ನುತ್ತಿದ್ದರೆ ಅವನಾದರೂ ಏನು ಮಾಡಿಯಾನು? ಇದು ತಿಳಿದ ದಿನವೇ ಅವ್ವ ಅವನನ್ನು ಬೈಯುವುದು ನಿಲ್ಲಿಸಿದಳು. ಕದ್ದು ರೊಟ್ಟಿ ಹಾಕುವುದನ್ನು ಶುರು ಮಾಡಿದಳು. ಅದೊಂದು ಬೇರೆ ಜಗಳ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಪಲ್ಯ ನಾಯಿಯ ರಕ್ತಕ್ಕೆ ಕೇಡು ಅಂತ ಹೇಳಿ ಹೇಳಿ, ಬರೀ ರೊಟ್ಟಿಗೆ, ಅದೂ ಅರ್ಧಕ್ಕೆ ಒಪ್ಪಂದವಾಗಿದೆ.

ಕಳೆದ ಮಾರ್ಗಶಿರದಲ್ಲಿ ಮತ್ತೊಮ್ಮೆ ಬಂತು. ಸಂಜೆ, ಎಲ್ಲರೂ ಪಡಸಾಲೆಯಲ್ಲಿದ್ದಾಗ. ಗುಂಡ ಬಿದ್ದ. ಬಾಣ ಎದ್ದು ನಿಂತ, ಕೂದಲು ನಿಗುರಿತು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹೊರಟದ್ದು ಅಪ್ಪನ ಬಾಯಿಂದ, ಬ್ಯಾಂಕಿನ ಕೌಂಟರಿನಲ್ಲಿ ಟೋಕನ್ ನಂಬರ್ ಕರೆಯುವ ಅದೇ ತಣ್ಣಗಿನ ದನಿಯಲ್ಲಿ: "ಬಾಣ, ಜಾಗಕ್ಕ." ಬಾಣ ನಡುಗುತ್ತಿದ್ದ. ಗುಂಡನನ್ನು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಕೆಂಪು ತೇಪೆಯ ಮೇಲೆ ಹೋಗಿ ನಿಂತ. ಮಲಗಲಿಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು. ಆದರೆ ನಾಲ್ಕೂ ಕಾಲು ಕೌದಿಯ ಮೇಲಿದ್ದವು. ಎರಡು ನಿಮಿಷ ಹತ್ತು ಸೆಕೆಂಡು. ಆ ಹೊತ್ತಿನಲ್ಲಿ ಚಿನ್ನಿ ಎದ್ದು ಕುಂಟುತ್ತ ಬಂದು ಅವ್ವನ ಕಾಲ ಬಳಿ ಕೂತಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಅವ್ವನ ಕೈಯಲ್ಲಿ ಕೀಲಿಕೈ ಗೊಂಚಲು ಇತ್ತು.

ಎಲ್ಲದರಲ್ಲೂ ಭೇದ ಮಾಡುವ ನಾನು ಒಂದು ವಿಷಯದಲ್ಲಿ ಮಾತ್ರ ಸಮಾನತೆ ತಂದಿದ್ದೇನೆ. ಗುಂಡನ ಮಾತ್ರೆಯನ್ನು ಬಾಳೆಹಣ್ಣಿನ ಚೂರಿನೊಳಗೆ ಹುದುಗಿಸಿ ಕೊಡುವುದು. ಅವನೊಬ್ಬನಿಗೇ ಕೊಟ್ಟರೆ ಉಳಿದಿಬ್ಬರ ನೋಟ ತಡೆಯಲು ಆಗುವುದಿಲ್ಲ. ಹಾಗಾಗಿ 8 ಗಂಟೆಗೆ ಮೂವರೂ ಅವರವರ ಕೌದಿಯ ಮೇಲೆ. ಮೂವರಿಗೂ ಬಾಳೆಹಣ್ಣು. ಇಬ್ಬರದರಲ್ಲಿ ಮಾತ್ರೆ ಇಲ್ಲ. ಗೇಟಿನ ಹೊರಗೆ ಒಬ್ಬ ಕರಿಯ ಇರುತ್ತಾನೆ, ಓಣಿಯ ನಾಯಿ. ಕಿವಿಯ ತುದಿ ಕತ್ತರಿಸಿದೆ, ಆಪರೇಷನ್ ಆಗಿದೆ ಅನ್ನುವ ಗುರುತು. ಅವನು ನಮ್ಮವನಲ್ಲ. ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ನಾಲ್ಕನೆಯದು ನಮ್ಮಿಂದ ಆಗುವುದಿಲ್ಲ, ಬಾಗಿಲೇ ಇಲ್ಲ ನಮ್ಮ ಮನೆಗೆ ಅಷ್ಟು.

ಹೋದ ವಾರ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ರಾತ್ರಿ 8 ದಾಟಿ ಐದು ನಿಮಿಷಕ್ಕೆ ಫೋನ್ ಮಾಡಿದೆ.

"ಮಾತ್ರಿ ಕೊಟ್ಟಿ ಏನವ್ವಾ?"

"ಕೊಟ್ಟೆ. ಬಾಳಿಹಣ್ಣು ಮುಗದಿದ್ದುವು. ಪೇಢಾದಾಗ ಇಟ್ಟು ಕೊಟ್ಟೆ."

"ಪೇಢಾ? ಗುಂಡನ ತೂಕ ನೋಡೀಯಿಲ್ಲ? ಚೂರ ಕೊಟ್ಟಿಯೋ, ಇಡೀದ್ದೋ?"

"ಚೂರಽ. ಎಲ್ಲಾರಿಗೂ ಚೂರ ಚೂರ."

"ಮೂರಕ್ಕೂ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಗೇಟಿನ ಚಿಲಕದ ಸದ್ದು ಕೇಳಿಸಿತು.

"ನಾಕಕ್ಕೂ" ಅಂದಳು.